ರಿಗ್‌ನವರು ‘ಎರಡು ಇಂಚು ನೀರು’ ಅಂದರು, ಮೋಟರ್ ಮುಕ್ಕಾಲು ಗಂಟೆ ಆಗುತ್ತಲೇ ಗಾಳಿ ಹೊಡೆಯುತ್ತಿದೆ

ಅಡಿಕೆಪಟ್ಟೆ:
ಗುಬ್ಬಿ ಕಡೆ ನಮ್ಮ ತೋಟ. ಅಪ್ಪ ಹೊಸ ಬೋರ್ ಕೊರೆಸಿದ್ದಾರೆ, 650 ಅಡಿ. 180ರಲ್ಲಿ ಸ್ವಲ್ಪ ತೇವ ಕಾಣಿಸಿತು, 420ರಲ್ಲಿ ನೀರು ಬಿತ್ತು, ಆಮೇಲೆ ಎಷ್ಟು ಇಳಿದರೂ ಹೆಚ್ಚಾಗಲಿಲ್ಲ. ಮುಗಿದ ಮೇಲೆ ರಿಗ್‌ನವರು ತಗಡಿನ ಪ್ಲೇಟ್ ಇಟ್ಟು ಅಳೆದು ‘ಎರಡು ಇಂಚು ಐತೆ, ಆರಾಮಾಗಿ ಓಡಿಸಿ’ ಅಂದು ದುಡ್ಡು ಎಣಿಸಿಕೊಂಡು ಹೋದರು. 5 ಎಚ್‌ಪಿ ಮೋಟರನ್ನು 600 ಅಡಿಗೆ ಬಿಟ್ಟಿದ್ದೇವೆ. ಆನ್ ಮಾಡಿದಾಗ ಚೆನ್ನಾಗೇ ಬರುತ್ತದೆ, 200 ಲೀಟರ್ ಡ್ರಮ್ ಎರಡೂವರೆ ನಿಮಿಷದಲ್ಲಿ ತುಂಬುತ್ತದೆ. ಆದರೆ ಐವತ್ತು ನಿಮಿಷದ ಹೊತ್ತಿಗೆ ಪೈಪಲ್ಲಿ ಬುಸ್ ಬುಸ್ ಅಂತ ಗಾಳಿ ಶುರು. ಆಫ್ ಮಾಡಿ ಎರಡು ಗಂಟೆ ಬಿಟ್ಟರೆ ಮತ್ತೆ ಅದೇ ಕಥೆ.

ಪಕ್ಕದ ತೋಟದವರಿಗೆ ಮೂರು ಇಂಚು ಸಿಕ್ಕಿದೆ. ಅವರ ಮೋಟರ್ ಕರೆಂಟ್ ಇರುವಷ್ಟು ಹೊತ್ತೂ ಓಡುತ್ತದೆ. ಬರೀ ಒಂದು ಇಂಚಿಗೆ ಇಷ್ಟೊಂದು ವ್ಯತ್ಯಾಸ ಇರುತ್ತಾ? ಇನ್ನೂ 200 ಅಡಿ ಇಳಿಸಿಬಿಡೋಣ ಅನ್ನುವುದು ಅಪ್ಪನ ಲೆಕ್ಕ. ಈ ಮಳೆಗಾಲಕ್ಕೆ ಇನ್ನೂ ಎರಡು ಎಕರೆ ಅಡಿಕೆ ಸಸಿ ಇಡುವ ಪ್ಲಾನೂ ಇದೆ. ಗೊತ್ತಿರುವವರು ಹೇಳಿ.

ತೆಂಗಿನಗರಿ:
ಮೂರು ಇಂಚು ಅಂದರೆ ಮೂರು ಇಂಚಿನ ಪೈಪ್ ತುಂಬ ಬರುವ ನೀರು ಅಲ್ವಾ? ನಿಮ್ಮದು ಎರಡು ಇಂಚಿನ ಪೈಪ್ ತುಂಬ. ನಿಮಗೂ ಕಮ್ಮಿಯೇನಲ್ಲ ಬಿಡಿ.

ಫಿಸಿಕ್ಸ್‌ಮೇಷ್ಟ್ರು:
ಪೈಪಿಗೂ ಈ ಇಂಚಿಗೂ ಸಂಬಂಧವೇ ಇಲ್ಲ. ರಿಗ್‌ನವರು ಇಡುವ ಪ್ಲೇಟ್ ನೋಡಿದ್ದೀರಲ್ಲ? ತಗಡಿನ ಮೇಲಂಚಿನಲ್ಲಿ ವಿ ಆಕಾರದ ಕಚ್ಚು ಇರುತ್ತದೆ, ಸರಿಯಾಗಿ 90 ಡಿಗ್ರಿ. ಬೋರ್‌ನಿಂದ ಬಂದ ನೀರಿಗೆ ಮಣ್ಣಿನ ಒಡ್ಡು ಕಟ್ಟಿ, ಅದು ಆ ಕಚ್ಚಿನಿಂದ ಮಾತ್ರ ಹರಿದು ಹೋಗುವ ಹಾಗೆ ಮಾಡುತ್ತಾರೆ. ವಿ-ಯ ಕೆಳಮೂಲೆಯಿಂದ ನೀರು ಎಷ್ಟು ಎತ್ತರ ನಿಂತಿದೆ ಅನ್ನುವುದೇ ಅವರು ಹೇಳುವ ಇಂಚು.

ಮಜಾ ಇರುವುದು ಇಲ್ಲಿ. ಎತ್ತರ ಎರಡು ಪಟ್ಟಾದರೆ ವಿ-ಯಲ್ಲಿ ನೀರಿನ ಅಗಲವೂ ಎರಡು ಪಟ್ಟಾಗುತ್ತದೆ. ಅಂದರೆ ನೀರು ಹಾಯುವ ಜಾಗ ನಾಲ್ಕು ಪಟ್ಟು. ಅದರ ಜೊತೆ ನೀರಿನ ವೇಗವೂ ಏರುತ್ತದೆ, ಎತ್ತರದ ವರ್ಗಮೂಲದಷ್ಟು, ಅಂದರೆ ಸುಮಾರು 1.41 ಪಟ್ಟು. ಎರಡನ್ನೂ ಗುಣಿಸಿದರೆ ಐದೂವರೆ ಪಟ್ಟಿಗಿಂತ ಜಾಸ್ತಿ. ಲೀಟರ್ ಲೆಕ್ಕದಲ್ಲಿ ಹೇಳುವುದಾದರೆ ಒಂದು ಇಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್, ಒಂದೂವರೆ ಇಂಚು 1,400, ಎರಡು ಇಂಚು 2,800, ಮೂರು ಇಂಚು 7,800, ನಾಲ್ಕು ಇಂಚು 16,000. ಅರ್ಧ ಇಂಚು ಅಂದರೆ 90 ಲೀಟರ್ ಅಷ್ಟೇ.

ಹಾಗಾಗಿ ಪಕ್ಕದವರಿಗೆ ನಿಮಗಿಂತ ಒಂದು ಇಂಚು ಜಾಸ್ತಿ ಸಿಕ್ಕಿರುವುದಲ್ಲ, ಪೂರಾ ಎರಡು ಮುಕ್ಕಾಲು ಪಟ್ಟು ನೀರು ಸಿಕ್ಕಿದೆ.

ತೆಂಗಿನಗರಿ:
ಅಯ್ಯೋ, ಇಷ್ಟು ವರ್ಷ ಇದನ್ನು ಯಾರೂ ಹೇಳಲೇ ಇಲ್ವಲ್ಲ ಸರ್. ನಮ್ಮೂರಲ್ಲಿ ಒಂದು ಇಂಚು ಬಿದ್ದವನೂ ನಾಲ್ಕು ಇಂಚು ಬಿದ್ದವನೂ ಒಂದೇ ಥರ ಎದೆ ಉಬ್ಬಿಸಿಕೊಂಡು ಓಡಾಡುತ್ತಾರೆ.

ಅಡಿಕೆಪಟ್ಟೆ:
ಸರ್, ಲೆಕ್ಕ ಅರ್ಥವಾಯಿತು. ಆದರೆ ನಮಗೆ ಡ್ರಮ್ ಎರಡೂವರೆ ನಿಮಿಷಕ್ಕೆ ತುಂಬುತ್ತದೆ ಅಂದರೆ ಗಂಟೆಗೆ 4,800 ಲೀಟರ್ ಆಯಿತು. ಅದು ಎರಡು ಇಂಚಿಗಿಂತ ಜಾಸ್ತಿಯೇ ಅಲ್ವಾ? ಮತ್ತೆ ಗಾಳಿ ಯಾಕೆ?

ಕಲ್ಲುಬಂಡೆ:
ಮೋಟರ್ ಎತ್ತುವ ನೀರು ಬೇರೆ, ಬಂಡೆ ಕೊಡುವ ನೀರು ಬೇರೆ. ನಾನು ಭೂವಿಜ್ಞಾನ ಓದಿದವಳು, ಅಂತರ್ಜಲದ ಕೆಲಸವನ್ನೇ ಮಾಡುತ್ತೇನೆ, ಈ ಪ್ರಶ್ನೆ ಕೇಳದ ರೈತರೇ ಇಲ್ಲ. ಒಂದು ಹೇಳಿ, ಮೋಟರ್ ಬಿಡುವ ಮುಂಚೆ ನೀರು ಎಷ್ಟು ಅಡಿಯಲ್ಲಿ ನಿಂತಿತ್ತು? ಹಗ್ಗಕ್ಕೆ ಕಲ್ಲು ಕಟ್ಟಿ ನೋಡಿದ್ದರೂ ಸಾಕು.

ಅಡಿಕೆಪಟ್ಟೆ:
ನೋಡಿದ್ವಿ ಮೇಡಂ. ಕೊರೆದ ಎರಡನೇ ದಿನ 120 ಅಡಿಗೆ ಹಗ್ಗ ಒದ್ದೆ ಆಗಿತ್ತು.

ಕಲ್ಲುಬಂಡೆ:
ಸರಿ, ಲೆಕ್ಕ ಹಾಕೋಣ. ನಿಮ್ಮ ಬೋರ್ ಆರೂವರೆ ಇಂಚು ಅಗಲದ್ದು ಅಂದುಕೊಳ್ಳುತ್ತೇನೆ, ನಮ್ಮ ಕಡೆ ಹೆಚ್ಚಿನವು ಅದೇ. ಆ ಅಗಲದ ತೂತಿನಲ್ಲಿ ಒಂದು ಅಡಿಗೆ ಆರೂವರೆ ಲೀಟರ್ ನೀರು ಹಿಡಿಯುತ್ತದೆ. 120 ಅಡಿಯಿಂದ 600 ಅಡಿವರೆಗೆ 480 ಅಡಿ ನೀರು, ಅಂದರೆ ಸುಮಾರು 3,100 ಲೀಟರ್. ಇದು ರಾತ್ರಿಯೆಲ್ಲ ನಿಧಾನಕ್ಕೆ ತುಂಬಿಕೊಂಡ ನೀರು. ನೀವು ಬೆಳಗ್ಗೆ ಸ್ವಿಚ್ ಹಾಕಿದಾಗ ಮೋಟರ್ ಮೊದಲು ಇದನ್ನೇ ಎತ್ತುತ್ತದೆ.

ಐವತ್ತು ನಿಮಿಷದಲ್ಲಿ ಗಂಟೆಗೆ 4,800ರ ಲೆಕ್ಕದಲ್ಲಿ ಒಟ್ಟು 4,000 ಲೀಟರ್ ಹೊರಗೆ ಬಂತು. ಅದರಲ್ಲಿ 3,100 ತೂತಿನಲ್ಲೇ ಇದ್ದದ್ದು. ಉಳಿದ 900 ಲೀಟರ್ ಮಾತ್ರ ಆ ಐವತ್ತು ನಿಮಿಷದಲ್ಲಿ ಬಂಡೆಯ ಸೀಳಿನಿಂದ ಹೊಸದಾಗಿ ಬಂದದ್ದು. ಅಂದರೆ ಗಂಟೆಗೆ ಹೆಚ್ಚೆಂದರೆ 1,100 ಲೀಟರ್. ಹೆಚ್ಚೆಂದರೆ ಅಂತ ಯಾಕೆ ಹೇಳಿದೆ ಅಂದರೆ, ನೀರು ಕೆಳಗಿಳಿದ ಹಾಗೆ ಮೋಟರ್ ಎತ್ತುವುದೂ ಕಮ್ಮಿಯಾಗುತ್ತದೆ, ಕೊನೆಕೊನೆಗೆ ಡ್ರಮ್ ಎರಡೂವರೆ ನಿಮಿಷಕ್ಕೆ ತುಂಬಿರುವುದಿಲ್ಲ. ಮೇಷ್ಟ್ರ ಪಟ್ಟಿಗೆ ಹಾಕಿದರೆ ನಿಮ್ಮದು ಎರಡು ಇಂಚಲ್ಲ, ಒಂದೂವರೆ ಇಂಚೂ ಅಲ್ಲ. ಎರಡು ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ ಅಂತ ನೀವೇ ಬರೆದಿದ್ದೀರಲ್ಲ, ಅದಕ್ಕೂ ಇದಕ್ಕೂ ಚೆನ್ನಾಗಿ ಹೊಂದುತ್ತದೆ.

ಊರುಬಾಗಿಲು:
ಹಂಗಾದ್ರೆ ರಿಗ್‌ನವರು ಟೋಪಿ ಹಾಕಿದ್ದಾರೆ ಅಂತಾಯ್ತು. ಅವರದ್ದು ಅಡಿ ಲೆಕ್ಕ ತಾನೆ, ಆಳ ಹೋದಷ್ಟೂ ಅಡಿ ರೇಟೂ ಏರುತ್ತೆ. ಸುಳ್ಳು ಹೇಳಿದ್ರೆ ಅವರಿಗೇನು.

ರಿಗ್‌ಗಾಡಿ:
ಅಣ್ಣ, ನಾನು ಹಲವು ವರ್ಷ ರಿಗ್ ಗಾಡಿಯಲ್ಲಿ ಕೆಲಸ ಮಾಡಿದವನು. ತಿರುಚೆಂಗೋಡಿನ ಗಾಡಿ. ಕರ್ನಾಟಕದಲ್ಲಿ ನೀವು ನೋಡುವ ಬೋರ್ ಗಾಡಿಗಳಲ್ಲಿ ಎಷ್ಟೋ ಆ ಊರಿನವೇ. ಮೋಸ ಮಾಡುವವರು ಇಲ್ಲ ಅನ್ನಲ್ಲ. ಆದರೆ ಮೋಸ ಮಾಡದಿದ್ದರೂ ಅಳತೆ ಜಾಸ್ತಿ ಬರುತ್ತದೆ, ಹೇಗೆ ಅಂತ ಹೇಳ್ತೀನಿ.

ಬೋರ್ ಕೊರೆಯುವುದು ಗಾಳಿಯ ಜೋರಿನಿಂದ. ಕಂಪ್ರೆಸರ್ ಗಾಳಿ ರಾಡ್ ಒಳಗಿಂದ ಕೆಳಗೆ ಹೋಗಿ ತಳದಲ್ಲಿರುವ ಹ್ಯಾಮರ್ ಬಡಿಯುತ್ತದೆ, ಅದೇ ಗಾಳಿ ಪುಡಿಯನ್ನೂ ನೀರನ್ನೂ ಹೊತ್ತುಕೊಂಡು ಮೇಲೆ ಬರುತ್ತದೆ. ನೀರು ಸಿಕ್ಕಿದಾಗ ಬರುವುದು ಒಂದೇ ಸಮ ಧಾರೆಯಲ್ಲ. ಒಂದು ಸಲ ಆಳೆತ್ತರ ಚಿಮ್ಮುತ್ತದೆ, ಆಮೇಲೆ ತಣ್ಣಗಾಗುತ್ತದೆ, ಮತ್ತೆ ಚಿಮ್ಮುತ್ತದೆ. ಪ್ಲೇಟ್ ಹತ್ತಿರ ನೀರು ಏರುತ್ತೆ ಇಳಿಯುತ್ತೆ. ಏರಿದಾಗ ಸ್ಕೇಲ್ ಇಟ್ಟರೆ ಎರಡು, ಇಳಿದಾಗ ಇಟ್ಟರೆ ಒಂದೂಕಾಲು. ಪಾರ್ಟಿ ಪಕ್ಕದಲ್ಲೇ ಟಾರ್ಚ್ ಹಿಡಿದುಕೊಂಡು ನಿಂತಿರುತ್ತಾರೆ, ರಾತ್ರಿ ಎರಡು ಗಂಟೆ, ಮನೆಯವರೆಲ್ಲ ಹೊಲದಲ್ಲೇ ಇರುತ್ತಾರೆ, ಕೈ ಮುಗಿದುಕೊಂಡು. ಆಗ ಯಾವ ಅಳತೆ ಹೇಳುತ್ತೀರಿ ನೀವೇ ಹೇಳಿ.

ಇನ್ನೊಂದು. ಒಡ್ಡಿನೊಳಗೆ ಕಲ್ಲುಪುಡಿ ತುಂಬಿಕೊಂಡಿರುತ್ತೆ. ಅದನ್ನು ಬಾಚಿ ತೆಗೆಯದೆ ಅಳೆದರೆ ಅಳತೆ ನಿಲ್ಲಲ್ಲ. ಪ್ಲೇಟ್ ಓರೆ ನಿಂತಿದ್ದರೂ ಅಷ್ಟೇ.

ಫಿಸಿಕ್ಸ್‌ಮೇಷ್ಟ್ರು:
ರಿಗ್‌ಗಾಡಿಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಚ್ಚಿನ ಹತ್ತಿರ ಬರುತ್ತಾ ನೀರಿನ ಮೇಲ್ಮೈ ಬಾಗಿ ಇಳಿಯುತ್ತದೆ, ಹಾಗಾಗಿ ಎತ್ತರವನ್ನು ಕಚ್ಚಿನಲ್ಲೇ ಅಲ್ಲ, ಸ್ವಲ್ಪ ಹಿಂದೆ ನಿಂತ ನೀರಿನಲ್ಲಿ ನೋಡಬೇಕು. ಮತ್ತೆ, ಕೈಯಲ್ಲಿ ಕತ್ತರಿಸಿದ ಪ್ಲೇಟಿನ ಕೋನ 90ರ ಬದಲು 60 ಡಿಗ್ರಿ ಇದ್ದರೆ ಅದೇ ಎತ್ತರಕ್ಕೆ ನೀರು 58 ಪರ್ಸೆಂಟ್ ಮಾತ್ರ. ಎರಡು ಇಂಚಿನಲ್ಲಿ ಕಾಲು ಇಂಚು ತಪ್ಪು ಓದಿದರೆ ಲೀಟರ್ ಲೆಕ್ಕ ಕಾಲು ಭಾಗಕ್ಕಿಂತ ಜಾಸ್ತಿ ಹೆಚ್ಚುಕಮ್ಮಿ ಆಗುತ್ತದೆ. ವಿಧಾನದಲ್ಲಿ ದೋಷ ಇಲ್ಲ, ಕಾಲುವೆ, ಹಳ್ಳಗಳ ಹರಿವು ಅಳೆಯುವುದಕ್ಕೂ ಎಂಜಿನಿಯರುಗಳು ಇದನ್ನೇ ಬಳಸುತ್ತಾರೆ. ಕೆಸರಿನಲ್ಲಿ ಚಿಮ್ಮುವ ನೀರಿಗೆ ಬಳಸುವಾಗ ಹುಷಾರಾಗಿರಬೇಕು, ಅಷ್ಟೇ.

ಅಡಿಕೆಪಟ್ಟೆ:
ಸರಿ. ಹಾಗಾದರೆ ಇನ್ನೂ 200 ಅಡಿ ಇಳಿಸಿದರೆ?

ಕಲ್ಲುಬಂಡೆ:
ನಾನಾದರೆ ಇಳಿಸುವುದಿಲ್ಲ. ನಿಮ್ಮ ಕಡೆ ಕೆಳಗಿರುವುದು ಗ್ರಾನೈಟ್ ಮತ್ತೆ ನೈಸ್ (gneiss) ಅನ್ನುವ ಗಟ್ಟಿ ಬಂಡೆ. ಲಾಲ್‌ಬಾಗಿನ ಬಂಡೆ ನೋಡಿದ್ದೀರಲ್ಲ, ಅದೇ ಜಾತಿ, 300 ಕೋಟಿ ವರ್ಷ ಹಳೆಯದು. ಆ ಕಲ್ಲಿನ ಮೈಯಲ್ಲಿ ನೀರು ಇರುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಇರುತ್ತದೆ, ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ. ಪಾತಾಳಗಂಗೆ, ನೆಲದೊಳಗಿನ ನದಿ ಅಂತೆಲ್ಲ ಹೇಳುತ್ತಾರಲ್ಲ, ಹಾಗೆ ಏನೂ ಹರಿಯುತ್ತಿಲ್ಲ. ನಿಮ್ಮದು 420ರಲ್ಲಿ ಒಂದು ಬಿರುಕು, 180ರಲ್ಲಿ ಒಂದು ಸಣ್ಣದು.

ಆಳಕ್ಕೆ ಹೋದಂತೆ ಮೇಲಿನ ಕಲ್ಲಿನ ಭಾರಕ್ಕೆ ಬಿರುಕುಗಳು ಬಿಗಿಯಾಗುತ್ತವೆ, ಸಂಖ್ಯೆಯೂ ಕಮ್ಮಿಯಾಗುತ್ತದೆ. ಸಾವಿರ ಅಡಿಯಲ್ಲಿ ನೀರು ಬಿದ್ದವರು ಇದ್ದಾರೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೇರೆ ದಾರಿಯಿಲ್ಲದೆ ಸಾವಿರದ ಇನ್ನೂರಕ್ಕೂ ಹೋಗಿದ್ದಾರೆ. ಬಿದ್ದವರ ಸುದ್ದಿ ಊರೆಲ್ಲ ಹರಡುತ್ತದೆ, ಬೀಳದವರು ಸುಮ್ನೆ ಸಾಲ ತೀರಿಸುತ್ತಿರುತ್ತಾರೆ. ಜೊತೆಗೆ ಆಳದ ನೀರು ಬಹಳ ಕಾಲ ಕಲ್ಲಿನ ಸಂಗದಲ್ಲೇ ಇದ್ದದ್ದರಿಂದ ಫ್ಲೋರೈಡ್ ಹೆಚ್ಚಿರುವ ಸಾಧ್ಯತೆಯೂ ಇದೆ. ಕುಡಿಯುವುದಕ್ಕೂ ಅದೇ ನೀರಾದರೆ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು, ಟೆಸ್ಟ್ ಮಾಡಿಸಿ.

200 ಅಡಿ ಇಳಿಸಿದರೆ ಗ್ಯಾರಂಟಿ ಸಿಗುವುದು ಒಂದೇ, ಇನ್ನೊಂದು 1,300 ಲೀಟರ್ ಹಿಡಿಯುವ ತೂತು. ಅಷ್ಟು ದುಡ್ಡಿಗೆ ಮೇಲೆ ಎಷ್ಟು ದೊಡ್ಡ ಟ್ಯಾಂಕ್ ಬರುತ್ತದೆ ನೋಡಿ.

ಬಿಳಿಜೋಳ:
ವಿಜಯಪುರದಿಂದ ಬರೀತಾ ಇದ್ದೀನ್ರಿ. ನಮ್ಮ ಕಡೆ ಕಲ್ಲು ಬ್ಯಾರೆ. ಕರಿಕಲ್ಲು, ಲಾವಾ ಹರಿದು ಆದದ್ದು, ಸುಮಾರು ಆರೂವರೆ ಕೋಟಿ ವರ್ಷದ ಹಿಂದಿಂದು. ಒಂದರ ಮ್ಯಾಲೊಂದು ಪದರ. ಎರಡು ಪದರದ ನಡುವೆ ಕೆಲವು ಕಡೆ ಕೆಂಪು ಮಣ್ಣಿನ ಪಟ್ಟಿ ಬರ್ತದ, ಪದರದ ಮ್ಯಾಲಿನ ಭಾಗದಾಗ ತೂತುತೂತು ಕಲ್ಲು ಇರ್ತದ. ನೀರು ಸಿಕ್ಕರ ಅಂಥಾ ಜಾಗದಾಗ. ಒಂದು ಪದರ ತಪ್ಪಿದರ ಇನ್ನೊಂದರಾಗ ಸಿಗಬಹುದು ಅಂತ ಇಳಿಸ್ತಾರ. ಗುಬ್ಬಿ ಕಲ್ಲಿಗೆ ನಮ್ಮ ಲೆಕ್ಕ, ನಮ್ಮ ಕಲ್ಲಿಗೆ ನಿಮ್ಮ ಲೆಕ್ಕ ನಡೆಯಂಗಿಲ್ಲ. ಮೇಡಂ ಹೇಳಿದ್ದು ಬಯಲುಸೀಮೆ ತೆಂಕಣ ಭಾಗಕ್ಕ ಸರಿ ಅದ.

ಊರುಬಾಗಿಲು:
ಇಷ್ಟೆಲ್ಲ ಯಾಕೆ, ಪಾಯಿಂಟ್ ಯಾರ ಹತ್ರ ನೋಡಿಸಿದ್ರಿ ಅದನ್ನ ಹೇಳಿ. ನಮ್ಮೂರಲ್ಲಿ ಒಬ್ಬರಿದ್ದಾರೆ, ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೀತಾರೆ, ನೀರಿರೋ ಕಡೆ ಕಾಯಿ ಎದ್ದು ನಿಲ್ಲುತ್ತೆ. ಅವರು ಹೇಳಿದ ಕಡೆ ಹತ್ತಕ್ಕೆ ಎಂಟು ಬಿದ್ದಿದೆ.

ಫಿಸಿಕ್ಸ್‌ಮೇಷ್ಟ್ರು:
ಹತ್ತಕ್ಕೆ ಎಂಟು ಬೀಳುವುದಕ್ಕೆ ಕಾಯಿ ಬೇಕಿಲ್ಲ. ಹಳ್ಳದ ಬದಿ, ಕೆರೆ ಹಿಂದೆ, ತಗ್ಗಿನ ಜಾಗ ಆರಿಸಿಕೊಂಡರೆ ಯಾರು ಕೈ ತೋರಿಸಿದರೂ ಸ್ವಲ್ಪವಾದರೂ ನೀರು ಬಿದ್ದೇ ಬೀಳುತ್ತದೆ. ಅರ್ಧ ಇಂಚು ಬಿದ್ದರೂ ‘ಬಿತ್ತು’ ಅಂತಲೇ ಲೆಕ್ಕ. ಕಾಯಿ, ಬೇವಿನ ಕವೆ ಇವೆಲ್ಲ ಅಲುಗುವುದು ಹಿಡಿದವರ ಕೈಯ ಸಣ್ಣ ಚಲನೆಯಿಂದ, ಅವರಿಗೇ ಗೊತ್ತಾಗದಂತೆ. ಬೇಕಂತ ಮೋಸ ಮಾಡುತ್ತಾರೆ ಅನ್ನುತ್ತಿಲ್ಲ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರ ಒಂದು ದೊಡ್ಡ ಕಣಜದಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಕೆಳ ಅಂತಸ್ತಿನಲ್ಲಿ ನೀರಿನ ಪೈಪಿನ ಜಾಗ ಬದಲಾಯಿಸುತ್ತಾ, ಮೇಲಂತಸ್ತಿನಲ್ಲಿ ನಡೆಯುವವರು ಪೈಪ್ ಎಲ್ಲಿದೆ ಅಂತ ಹೇಳಬೇಕಿತ್ತು. ಸುಮಾರು 500 ಜನರಲ್ಲಿ ಆರಿಸಿದ 43 ಜನರಿಂದ ಮುಖ್ಯ ಪರೀಕ್ಷೆ ಮಾಡಿಸಿದರು. ನಡೆಸಿದವರು ಕೆಲವರಿಗೆ ಶಕ್ತಿ ಇದೆ ಅಂದರು, ಆದರೆ ಅದೇ ಅಂಕಿಅಂಶ ಮತ್ತೆ ನೋಡಿದವರಿಗೆ ಕಂಡದ್ದು ಕಣ್ಣುಮುಚ್ಚಿ ಹೇಳಿದಷ್ಟೇ ಫಲಿತಾಂಶ.

ಊರುಬಾಗಿಲು:
ಜರ್ಮನಿಯವರಿಗೆ ತೆಂಗಿನಕಾಯಿ ಹಿಡಿಯೋಕೆ ಬರುತ್ತಾ ಸರ್. ಇರಲಿ ಬಿಡಿ. ಮಿಷನ್ ಹಾಕಿ ನೋಡಿದವರದ್ದೂ ಫೇಲ್ ಆಗಿದೆ ಅಲ್ವಾ?

ಕಲ್ಲುಬಂಡೆ:
ಆಗುತ್ತದೆ, ಖಂಡಿತ ಆಗುತ್ತದೆ. ನಾವು ಮಾಡುವುದು ನೆಲಕ್ಕೆ ನಾಲ್ಕು ಗೂಟ ಹೊಡೆದು, ಎರಡರಿಂದ ಕರೆಂಟ್ ಬಿಟ್ಟು, ಇನ್ನೆರಡರ ನಡುವೆ ವೋಲ್ಟೇಜ್ ಅಳೆಯುವುದು. ಗೂಟಗಳನ್ನು ದೂರ ದೂರ ಹಾಕಿದಷ್ಟೂ ಆಳದ ಸುದ್ದಿ ಸಿಗುತ್ತದೆ. ಒದ್ದೆ ಇರುವ ಕೊಳೆತ ಕಲ್ಲು ಕರೆಂಟಿಗೆ ಸುಲಭ ದಾರಿ ಕೊಡುತ್ತದೆ, ಗಟ್ಟಿ ಬಂಡೆ ಕೊಡುವುದಿಲ್ಲ. ಆದರೆ ಜೇಡಿಮಣ್ಣೂ ಸುಲಭ ದಾರಿ ಕೊಡುತ್ತದೆ, ಅದರಿಂದ ನೀರು ಬರುವುದಿಲ್ಲ. ಇನ್ನು 400 ಅಡಿ ಆಳದ ಬೆರಳಗಲದ ಬಿರುಕನ್ನು ಮೇಲಿನಿಂದ ಹಿಡಿಯುತ್ತೇವೆ ಅಂತ ಹೇಳುವವರನ್ನು ನಂಬಬೇಡಿ, ಎಂಥ ಡಿಗ್ರಿ ಇದ್ದರೂ. ಕೊಳೆತ ಪದರ ಎಲ್ಲಿ ದಪ್ಪ ಇದೆ ಅಂತ ಇದರಿಂದ ಚೆನ್ನಾಗಿ ಗೊತ್ತಾಗುತ್ತದೆ, ಮಳೆನೀರು ಇಂಗಿ ನಿಲ್ಲುವುದು ಅಲ್ಲೇ ಆದ್ದರಿಂದ ಅದು ಸಣ್ಣ ವಿಷಯವಲ್ಲ.

ಅಡಿಕೆಪಟ್ಟೆ:
ಒಂದು ವಿಚಿತ್ರ ಹೇಳಬೇಕು. ನಮ್ಮದು 420 ಅಡಿ ಮುಟ್ಟಿದಾಗ ಪಕ್ಕದ ತೋಟದ ಬೋರಿನಿಂದ ಬುಸ್ ಅಂತ ಗಾಳಿ ಬಂತು, ಆಮೇಲೆ ಬಿಳಿ ನೀರು ಉಕ್ಕಿತು. ಅವರು ಗಾಬರಿಯಾಗಿ ಓಡಿ ಬಂದಿದ್ದರು. ಮಾರನೇ ದಿನ ತಿಳಿಯಾಯಿತು. ಇದರಿಂದ ಏನಾದರೂ ತೊಂದರೆ ಇದೆಯಾ?

ಕಲ್ಲುಬಂಡೆ:
ಇದನ್ನು ಮೊದಲೇ ಹೇಳಬಾರದಿತ್ತಾ! ನಿಮ್ಮ ಬಿರುಕೂ ಅವರ ಬಿರುಕೂ ಒಂದೇ. ನಿಮ್ಮ ರಿಗ್ಗಿನ ಗಾಳಿ ಆ ಬಿರುಕಿನಲ್ಲೇ ಹೋಗಿ ಅವರ ಬೋರಿನಿಂದ ಮೇಲೆ ಬಂದಿದೆ. ಅಂದರೆ ಅವರ ಮೋಟರ್ ಓಡುವಾಗ ನಿಮ್ಮ ನೀರಿನ ಮಟ್ಟವೂ ಇಳಿಯುತ್ತಿರುತ್ತದೆ. ಒಂದೇ ಫೀಡರಿನ ಕರೆಂಟ್ ಆದ್ದರಿಂದ ಇಬ್ಬರ ಮೋಟರೂ ಒಂದೇ ಹೊತ್ತಿಗೆ ಓಡುತ್ತದೆ, ಅಲ್ವಾ? ಒಂದು ದಿನ ಅವರಿಗೆ ಹೇಳಿ ಅವರದ್ದನ್ನು ಆಫ್ ಮಾಡಿಸಿ, ನಿಮ್ಮದು ಎಷ್ಟು ಹೊತ್ತು ಓಡುತ್ತದೆ ನೋಡಿ. ಐವತ್ತು ನಿಮಿಷ ಎಪ್ಪತ್ತಾದರೆ ಪಾಲು ಎಷ್ಟು ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಆಮೇಲೆ ಸರದಿ ಮಾಡಿಕೊಳ್ಳುವುದೋ ಜಗಳ ಮಾಡಿಕೊಳ್ಳುವುದೋ ನಿಮಗೆ ಬಿಟ್ಟದ್ದು.

ತೆಂಗಿನಗರಿ:
ಸರದಿ ಅಂದರೆ ಒಪ್ಪುತ್ತಾರಾ ಮೇಡಂ, ಬದುವಿನ ಒಂದು ಅಡಿಗೆ ಕೋರ್ಟಿಗೆ ಹೋಗುವ ಜನ.

ಅಡಿಕೆಪಟ್ಟೆ:
ಅವರು ಅಪ್ಪನ ಸೋದರಮಾವನ ಮಗನೇ, ಮಾತಾಡಬಹುದು. ಸಸಿ ವಿಷಯ ಹೇಳಿ. ಈ ನೀರಿಗೆ ಎಷ್ಟು ಅಡಿಕೆ ನಿಲ್ಲುತ್ತದೆ?

ಹಾಳೆತಟ್ಟೆ:
ನಾನು ಅಡಿಕೆಯವನೇ, ಹೇಳ್ತೀನಿ. ಬೇಸಿಗೆಯಲ್ಲಿ ಫಲಕ್ಕೆ ಬಂದ ಮರಕ್ಕೆ ಡ್ರಿಪ್‌ನಲ್ಲಿ ದಿನಕ್ಕೆ 20 ಲೀಟರ್ ಹಿಡಿಯಿರಿ. ತ್ರೀ ಫೇಸ್ ದಿನಕ್ಕೆ ಏಳು ಗಂಟೆ ಬರುತ್ತದೆ ಅಂದುಕೊಳ್ಳೋಣ. ತೂತಿನಲ್ಲಿರುವ 3,100, ಜೊತೆಗೆ ಗಂಟೆಗೆ 1,100ರಂತೆ 7,700, ಒಟ್ಟು 10,800 ಲೀಟರ್. ಅಂದರೆ 540 ಮರ. ಒಂಬತ್ತಡಿ ಅಂತರದಲ್ಲಿ ಇಟ್ಟರೆ ಎಕರೆಗೆ ಅಷ್ಟೇ ಮರ ಬರುವುದು. ಒಂದು ಎಕರೆ ಸಾಹೇಬ್ರೇ, ಅದೂ ಬಿಗಿಯಾಗಿ. ಈಗ ಇರುವ ತೋಟಕ್ಕೆ ಬೇರೆ ಬೋರ್ ಇದೆಯೋ ಇಲ್ವೋ ನೀವು ಬರೆದಿಲ್ಲ. ಇಲ್ಲದಿದ್ದರೆ ಹೊಸ ಎರಡು ಎಕರೆ ಮಾತು ಬಿಡಿ.

ಒಂದು ಅನುಕೂಲ ಇದೆ. ಕರೆಂಟನ್ನು ಹಗಲು ಸ್ವಲ್ಪ, ರಾತ್ರಿ ಸ್ವಲ್ಪ ಅಂತ ಎರಡು ಪಾಳಿಯಲ್ಲಿ ಕೊಟ್ಟರೆ ಎಲ್ಲರೂ ಬೈಯುತ್ತಾರೆ. ನಿಮ್ಮಂಥ ಬೋರಿಗೆ ಅದೇ ಲಾಭ. ಮಧ್ಯೆ ನಿಂತಾಗ ತೂತು ಮತ್ತೆ ತುಂಬಿಕೊಳ್ಳುತ್ತದೆ, ದಿನಕ್ಕೆ ಇನ್ನೊಂದು ಮೂರು ಸಾವಿರ ಲೀಟರ್ ಸಿಗುತ್ತದೆ.

ಅಡಿಕೆಪಟ್ಟೆ:
ಹಳೇ ಬೋರ್ ಇದೆ, ಏಪ್ರಿಲ್‌ನಲ್ಲಿ ಅದೂ ಸೋಲುತ್ತದೆ. ಈ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. ‘ಮಳೆಗಾಲದಲ್ಲಿ ಏರುತ್ತೆ ಬಿಡು’ ಅಂದರು. ಆದರೆ ಆಳ ಇಳಿಸುವ ಮಾತು ಸದ್ಯಕ್ಕೆ ನಿಂತಿದೆ. ಮೋಟರ್ ಏನು ಮಾಡಲಿ? ಹೀಗೇ ಗಾಳಿ ಹೊಡೆಸುತ್ತಾ ಹೋದರೆ ಸುಡುತ್ತಾ?

ವೈಂಡಿಂಗ್‌ಶಾಪ್:
ಸುಡುತ್ತದೆ, ಗಿರಾಕಿ ಬಂದರೆ ನನಗೇನೋ ಒಳ್ಳೆಯದೇ. ಬೋರ್ ಮೋಟರಿಗೆ ಫ್ಯಾನ್ ಇರುವುದಿಲ್ಲ, ಅದರ ಮೈ ಸವರಿಕೊಂಡು ಹರಿಯುವ ನೀರೇ ಅದಕ್ಕೆ ತಂಪು. ಮೋಟರ್ ಕೆಳಗೆ, ಪಂಪ್ ಮೇಲೆ, ನೀರು ಎಳೆಯುವ ಜಾಲರಿ ಎರಡರ ನಡುವೆ. ನೀರು ಕೆಳಗಿನಿಂದ ಬಂದರೆ ಮೋಟರನ್ನು ಸವರಿಕೊಂಡು ಜಾಲರಿಗೆ ಹೋಗುತ್ತದೆ. ನಿಮ್ಮ ನೀರು ಬರುವುದು 420ರಿಂದ, ಮೋಟರ್ ಇರುವುದು 600ರಲ್ಲಿ. ನೀರು ಮೇಲಿಂದ ಬಿದ್ದು ನೇರ ಜಾಲರಿಗೇ ಹೋಗುತ್ತದೆ, ಮೋಟರ್ ಸುತ್ತ ನೀರಿದ್ದರೂ ಅದು ನಿಂತ ನೀರು, ಬಿಸಿಯಾಗುತ್ತಲೇ ಇರುತ್ತದೆ. ಇದಕ್ಕೆ ಮೋಟರಿನ ಮೇಲೆ ಜಾಲರಿಯನ್ನೂ ಮುಚ್ಚುವ ಹಾಗೆ ಒಂದು ಪೈಪಿನ ಅಂಗಿ ಹಾಕುತ್ತಾರೆ, ಕೆಳಗೆ ಮಾತ್ರ ಬಾಯಿ ತೆರೆದಿರುತ್ತದೆ. ಆಗ ನೀರು ಕೆಳಗೆ ಹೋಗಿ ಮೋಟರ್ ಸವರಿಕೊಂಡೇ ಮೇಲೆ ಬರಬೇಕು. ಮುಂದಿನ ಸಲ ಮೋಟರ್ ಎತ್ತಿದಾಗ ಹಾಕಿಸಿ, ಆರೂವರೆ ಇಂಚಿನ ಬೋರಿನಲ್ಲಿ ಜಾಗ ಸಾಲುತ್ತಾ ಅಂತ ಮೋಟರ್ ಸೈಜ್ ನೋಡಿಕೊಂಡು.

ಸದ್ಯಕ್ಕೆ ಎರಡು ಕೆಲಸ ಮಾಡಿ. ಮೇಲಿನ ಗೇಟ್ ವಾಲ್ವನ್ನು ಸ್ವಲ್ಪ ಸ್ವಲ್ಪ ಹಿಡಿಯುತ್ತಾ ಬನ್ನಿ, ಡ್ರಮ್ ಎರಡೂವರೆ ನಿಮಿಷದ ಬದಲು ಐದು ನಿಮಿಷಕ್ಕೆ ತುಂಬುವ ಹಾಗೆ. ಆಗ ಐವತ್ತು ನಿಮಿಷಕ್ಕೆ ನಿಲ್ಲುತ್ತಿದ್ದದ್ದು ಎರಡು ಗಂಟೆ ದಾಟುತ್ತದೆ. ಪೂರ್ತಿ ಮಾತ್ರ ಮುಚ್ಚಬೇಡಿ. ಇನ್ನೊಂದು, ಸ್ಟಾರ್ಟರ್ ಬಾಕ್ಸಿಗೆ ಡ್ರೈ ರನ್ ಕಟ್‌ಆಫ್ ಹಾಕಿಸಿ. ನೀರು ಖಾಲಿಯಾದಾಗ ಮೋಟರಿಗೆ ಭಾರ ಕಮ್ಮಿಯಾಗಿ ಆಂಪ್ಸ್ ಇಳಿಯುತ್ತದೆ, ಅದನ್ನು ನೋಡಿ ತಾನೇ ಆಫ್ ಮಾಡುತ್ತದೆ, ಟೈಮರ್ ಇಟ್ಟಿದ್ದರೆ ಎರಡು ಗಂಟೆ ಬಿಟ್ಟು ತಾನೇ ಆನ್ ಆಗುತ್ತದೆ. ರಿವೈಂಡಿಂಗ್‌ಗೂ, 600 ಅಡಿ ಪೈಪ್ ಎತ್ತಿ ಇಳಿಸುವ ಕೂಲಿಗೂ ಹೋಲಿಸಿದರೆ ಅದರ ರೇಟ್ ಏನೂ ಅಲ್ಲ.

ಅಡಿಕೆಪಟ್ಟೆ:
ವಾಲ್ವ್ ಇವತ್ತೇ ಹಿಡಿದು ನೋಡ್ತೀನಿ. ಎತ್ತಿದ ನೀರನ್ನು ನೇರ ಡ್ರಿಪ್ಪಿಗೆ ಬಿಡುವ ಬದಲು ಮೇಲೆ ತೊಟ್ಟಿ ಕಟ್ಟಿಸಿ ತುಂಬಿಸೋದು ಒಳ್ಳೇದಾ?

ಹಾಳೆತಟ್ಟೆ:
ಕಟ್ಟಿಸಿ, 20,000 ಲೀಟರಿನದ್ದು. ಡ್ರಿಪ್ಪಿಗೆ ಒಂದೇ ಸಮ ಪ್ರೆಷರ್ ಬೇಕು, ನಿಲ್ಲುತ್ತಾ ಓಡುತ್ತಾ ಬರುವ ನೀರಲ್ಲಿ ಕೊನೇ ಸಾಲಿನ ಮರಕ್ಕೆ ಏನೂ ತಲುಪಲ್ಲ. ಮೇಲೆ ಮುಚ್ಚಳ ಹಾಕಿಸೋದು ಮರೀಬೇಡಿ, ಬಿಸಿಲು ಬಿದ್ದರೆ ಪಾಚಿ ಕಟ್ಟಿ ಡ್ರಿಪ್ಪರ್ ಎಲ್ಲ ಕಟ್ಟಿಕೊಳ್ಳುತ್ತದೆ.